ಮಾತು ಬಿಟ್ಟವರ ಕುಣಿತ

ಆ ಊರಿನ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ, ಹೇಳಿದರೆ ನೀವು ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತೀರಿ, ಅಲ್ಲಿ ಜಾಗ ಕಮ್ಮಿ. ಊರಿನ ನಡುವೆ ಒಂದು ಮಹಲು. ಮಹಲಿನ ನೆಲ ಮುಖ ಕಾಣುವಷ್ಟು ನುಣುಪು. ವರ್ಷಕ್ಕೊಂದು ಸಲ, ಬಿಸಿಲು ಇಳಿಯುವ ಹೊತ್ತಿಗೆ, ಅಲ್ಲಿ ಜೋಡಿಕುಣಿತ. ಗಂಡಸರಿಗೆ ಮೊಣಕಾಲು ಮುಟ್ಟುವ ಒಂಬತ್ತು ಗುಂಡಿಯ ನಿಲುವಂಗಿ. ಹೆಂಗಸರಿಗೆ ನೆಲ ಸವರುವ ನೆರಿಗೆಯ ಉಡುಪು. ಇಬ್ಬರ ಕೈಗೂ ಬಿಳಿ ಕೈಗವಸು. ಜೋಡಿಯ ಉಡುಪು ಎರಡೂ ಒಂದೇ ಬಟ್ಟೆಯಿಂದ ಕತ್ತರಿಸಿದ್ದಾಗಿರಬೇಕು. ಇಷ್ಟರ ಮಟ್ಟಿಗಿನ ಶಿಸ್ತು ಯಾವ ಊರಲ್ಲಾದರೂ ಇದ್ದೀತು. ಈ ಊರಿನದೇ ಅನ್ನುವ ಕಟ್ಟಳೆ ಬೇರೆ ಒಂದಿತ್ತು: ಮಾತು ಬಿಟ್ಟವರು ಮಾತ್ರ ಜೋಡಿಯಾಗಿ ಒಳಗೆ ಹೋಗಬಹುದು.

ಅಂದರೆ, ಯಾರ ಜೊತೆ ಮುನಿಸಿಕೊಂಡು ಮಾತು ಬಿಟ್ಟಿದ್ದೀರೋ ಅವರ ಕೈ ಹಿಡಿದೇ ಕುಣಿಯಬೇಕು. "ಚೆನ್ನಾಗಿರುವವರ ಜೊತೆ ಮನೆಯಲ್ಲೇ ಕುಣಿದುಕೊಳ್ಳಿ, ಯಾರು ಬೇಡ ಅಂದರು?" ಎನ್ನುತ್ತಿದ್ದರು ಊರವರು. ಮಹಲಿನ ಬಾಗಿಲಲ್ಲಿ ಬಾಗಿಲಜ್ಜಿ ಕೂತಿರುತ್ತಾಳೆ. ಪ್ರತಿ ಜೋಡಿಯನ್ನೂ ನಿಲ್ಲಿಸಿ, ಒಂದೇ ದನಿಯಲ್ಲಿ, ಒಂದೇ ಪ್ರಶ್ನೆ ಕೇಳುತ್ತಾಳೆ: "ಇವರು ನಿಮಗೆ ಏನಾಗಬೇಕು?" "ಮಾತು ಬಿಟ್ಟವರು" ಅನ್ನಬೇಕು. ಭಾವ, ಅತ್ತಿಗೆ, ಷಡ್ಡಕ ಇದ್ದ ಹಾಗೆ ಅಲ್ಲಿ ಅದೂ ಒಂದು ನಂಟು.

ಮಾತು ಬಿಟ್ಟವರನ್ನು ಕುಣಿತಕ್ಕೆ ಕರೆಯುವುದಾದರೂ ಹೇಗೆ? ಬಾಯಿ ತೆರೆಯುವಂತಿಲ್ಲವಲ್ಲ. ಅದಕ್ಕೇ ವೀಳ್ಯದೆಲೆ. ಬೇರೆ ದಿನ ಎಲೆ ಕೊಡುವಾಗ ತೊಟ್ಟು ಮುರಿದು ಕೊಡುತ್ತಾರೆ. ಕುಣಿತದ ಎಲೆಗೆ ತೊಟ್ಟು ಹಾಗೇ ಇರಬೇಕು. ಬರುವುದಾದರೆ, ಪಡೆದವರು ತಾವೇ ತೊಟ್ಟು ಚಿವುಟಿ ಎಲೆಯನ್ನು ಹಿಂದಕ್ಕೆ ಕೊಡಬೇಕು. ಬರುವುದಿಲ್ಲವೋ, ಎಲೆ ಇದ್ದಲ್ಲೇ ಒಣಗಲಿ. ಕುಣಿತ ಮುಗಿದು ವಾದ್ಯ ನಿಂತ ಮೇಲೆ, ಮೊದಲು ಮಾತು ಬಿಟ್ಟವರೇ ಮೊದಲು ಬಾಯಿ ತೆರೆಯಬೇಕು. ಇನ್ನೊಬ್ಬರು ಕಾಯಬೇಕು. ತೆರೆದರೆ ಜಗಳ ಮುಗಿಯಿತು. ತೆರೆಯದಿದ್ದರೆ ಮುಂದಿನ ವರ್ಷಕ್ಕೂ ಜೋಡಿ ಗಟ್ಟಿ ಎಂದುಕೊಂಡು ಅವರವರ ದಾರಿ ಹಿಡಿಯುವುದು.

ಈ ಊರಿನ ದರ್ಜಿ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕುಣಿತದ ಬಟ್ಟೆ ಹೊಲಿದಿದ್ದ. ಕುಣಿತ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ನೋಡಬೇಕೆಂದರೆ ಒಳಗೆ ಹೋಗಬೇಕು, ಒಳಗೆ ಹೋಗಬೇಕೆಂದರೆ ಒಬ್ಬರಾದರೂ ಮಾತು ಬಿಟ್ಟವರಿರಬೇಕು. ದರ್ಜಿಗೆ ಇರಲಿಲ್ಲ. ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. ಅವನಿಗೂ ಎಲ್ಲರನ್ನು ಕಂಡರೆ ಇಷ್ಟ. ಅವನ ಅಂಗಡಿಯಲ್ಲಿ ಕತ್ತರಿಯ ಕಚಕಚ ನಿಂತರೂ ಮಾತು ನಿಲ್ಲುತ್ತಿರಲಿಲ್ಲ. ಜೋಡಿಯಲ್ಲಿ ಒಬ್ಬರು ಬೆಳಗ್ಗೆ ಬಂದು ಅಳತೆ ಕೊಟ್ಟರೆ, ಇನ್ನೊಬ್ಬರು ಅವರ ನೆರಳು ತಾಕದ ಹಾಗೆ ಮಧ್ಯಾಹ್ನ ಬಂದು ಕೊಡುತ್ತಿದ್ದರು. ದರ್ಜಿ ಇಬ್ಬರ ಜೊತೆಗೂ ನಗುನಗುತ್ತ ಮಾತಾಡುತ್ತಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುತ್ತಿರಲಿಲ್ಲ. ಕುಣಿತ ಮುಗಿದ ವಾರ ಬಟ್ಟೆಗಳು ಸಣ್ಣಪುಟ್ಟ ರಿಪೇರಿಗೆ ವಾಪಸು ಬರುತ್ತಿದ್ದವು. ಬೆನ್ನಿನ ಹತ್ತಿರ ಐದು ಬೆರಳಿನ ಸುಕ್ಕು, ಭುಜದ ಮೇಲೆ ಒದ್ದೆಯಾಗಿ ಒಣಗಿದ ಕಲೆ. ಅತ್ತಿದ್ದರೋ, ಬೆವರಿದ್ದರೋ. ದರ್ಜಿ ಆ ಕಲೆಯನ್ನು ಮೂಸಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ತಾನು ಹೊಲಿದ ಬಟ್ಟೆ ಕುಣಿಯುವುದನ್ನು ಒಂದು ಸಲ ಕಣ್ತುಂಬ ನೋಡಬೇಕು ಅನ್ನುವುದು ಅವನ ಇಪ್ಪತ್ತು ವರ್ಷದ ಆಸೆ.

ಈ ಸಲ ಆ ಆಸೆಗೆ ಗಡುವು ಬಿದ್ದಿತ್ತು. ಐವತ್ತು ದಾಟಿದವರನ್ನು ಬಾಗಿಲಜ್ಜಿ ಒಳಗೆ ಬಿಡುವುದಿಲ್ಲ. "ನುಣುಪು ನೆಲ, ಬಿದ್ದರೆ ಯಾರು ಹೊಣೆ?" ಎನ್ನುತ್ತಾಳೆ. ದರ್ಜಿಗೆ ನಲವತ್ತೊಂಬತ್ತು ಮುಗಿಯುತ್ತ ಬಂದಿತ್ತು. ಈ ವರ್ಷ ಇಲ್ಲವೆಂದರೆ ಇನ್ನೆಂದಿಗೂ ಇಲ್ಲ. ಅಂಗಡಿ ತೆರೆದ ವರ್ಷ ಅವನು ಆಸೆಯಿಂದ ನವಿಲುಗರಿ ಬಣ್ಣದ ರೇಷ್ಮೆ ತಂದು, ಎರಡು ತುಂಡು ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದ. ಈಗ ಮೇಲಿದ್ದ ಅರ್ಧವನ್ನಷ್ಟೇ ತೆಗೆದು ತನ್ನ ನಿಲುವಂಗಿ ಕತ್ತರಿಸಿದ. ಉಳಿದರ್ಧ ಯಾರ ಅಳತೆಗೆ? ಕುಣಿತಕ್ಕೆ ಏಳು ದಿನ ಇತ್ತು.

"ಇವಳೇ, ಕೇಳ್ದೇನೇ?" ಎಂದ ದರ್ಜಿ, ಒಳಜಗುಲಿಯ ಕಡೆ ತಿರುಗಿ. "ಏಳು ದಿನದೊಳಗೆ ನಾನು ಯಾರ ಜೊತೆಗಾದ್ರೂ ಜಗಳ ಆಡ್ಲೇಬೇಕು. ಆಡಕ್ಕಾಗುತ್ತಾ ನನ್ ಕೈಲಿ? ಆಗುತ್ತೆ, ಯಾಕಾಗಲ್ಲ?"

ಒಳಜಗುಲಿಯಲ್ಲಿ ಕೂತವಳು ಕಾಜದವಳು, ದರ್ಜಿಯ ಹೆಂಡತಿ. ಅವನು ಹೊಲಿದದ್ದಕ್ಕೆಲ್ಲ ಗುಂಡಿ ತೂರುವ ಕಾಜ ಮಾಡಿ ಗುಂಡಿ ಹಚ್ಚುವುದು ಅವಳ ಕೆಲಸ. ಬಂದ ಗಿರಾಕಿಗಳನ್ನು ವಿಚಾರಿಸಿಕೊಳ್ಳುತ್ತಿದ್ದಳು, ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದಳು, ಬೀದಿಯ ಮಕ್ಕಳನ್ನು ಗದರುತ್ತಿದ್ದಳು. ಗಂಡ ಮಾತಾಡುವಾಗ ಸೂಜಿಯ ಕಡೆ ನೋಡುತ್ತಿದ್ದಳು. ದರ್ಜಿ ಅವಳಿಗೆ ದಿನದ ಕತೆಯನ್ನೆಲ್ಲ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಪ್ರಶ್ನೆ ಕೇಳುತ್ತಿದ್ದ, ಕೇಳಿದ ಉಸಿರಲ್ಲೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಿದ್ದ. ತನ್ನಷ್ಟು ಹೊಂದಿಕೊಂಡ ಸಂಸಾರ ಊರಲ್ಲಿ ಇನ್ನೊಂದಿಲ್ಲ ಎಂದು ಅವನ ಲೆಕ್ಕ.

ಮೊದಲು ಅವನು ಎದುರಂಗಡಿಯ ಜಿಲೇಬಿಯವನ ಹತ್ತಿರ ಹೋದ. ದಾರಿ ದಾಟುವಾಗಲೇ ಹುಬ್ಬು ಗಂಟಿಕ್ಕಿಕೊಂಡ. ಒಂದು ಜಿಲೇಬಿ ಬಾಯಿಗಿಟ್ಟು, ಧೈರ್ಯ ಮಾಡಿ, "ಇದು ಜಿಲೇಬಿಯೇನಯ್ಯಾ? ಬಾವಿಯಲ್ಲಿ ನೆಂದ ಹಗ್ಗ!" ಎಂದು ಕೂಗಿದ.

ಜಿಲೇಬಿಯವನು ಸೌಟು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರು ತುಂಬಿತು. "ದರ್ಜಿಯಣ್ಣ, ನನಗೆ ಗೊತ್ತಿತ್ತು. ಹದಿನೈದು ವರ್ಷದಿಂದ ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ, ಒಬ್ಬರಾದರೂ ಎರಡನೇದು ಕೇಳಲ್ಲ. ನೀನೊಬ್ಬ ನಿಜ ಹೇಳ್ದೆ ನೋಡು," ಎಂದು ತಬ್ಬಿಕೊಂಡ. ದರ್ಜಿ ಒಂದು ಪೊಟ್ಟಣ ಮೈಸೂರುಪಾಕು ಹಿಡಿದುಕೊಂಡು ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದ.

ಮಾತಿನಿಂದ ಆಗದ್ದು ಕತ್ತರಿಯಿಂದ ಆದೀತು ಎಂದುಕೊಂಡ. ಊರಿನ ಮೇಷ್ಟ್ರು ಸಿಡುಕರು. ಅವರ ನಿಲುವಂಗಿಯ ಬಲತೋಳನ್ನು ಬೇಕೆಂದೇ ನಾಲ್ಕು ಬೆರಳು ಗಿಡ್ಡ ಮಾಡಿದ. ಒಳ್ಳೆಯ ಬಟ್ಟೆ ಕೆಡಿಸುವುದೆಂದರೆ ದರ್ಜಿಗೆ ಸಣ್ಣ ಸಂಕಟವೇ? ಮೇಷ್ಟ್ರು ಬಂದರು, ತೊಟ್ಟರು, ಕನ್ನಡಿ ನೋಡಿದರು. ದರ್ಜಿ ಬೈಗುಳಕ್ಕೆ ಕಿವಿ ಒಡ್ಡಿ ನಿಂತ.

"ಅಯ್ಯಾ," ಎಂದರು ಮೇಷ್ಟ್ರು ಮೆಲ್ಲಗೆ, "ನನ್ನ ಬಲಗೈ ಹುಟ್ಟಿನಿಂದಲೇ ಗಿಡ್ಡ. ಎಲ್ಲ ದರ್ಜಿಗಳೂ ಎಡತೋಳಿನ ಅಳತೆ ಹಿಡಿದೇ ಎರಡನ್ನೂ ಸಮ ಮಾಡುತ್ತಿದ್ದರು, ಇಷ್ಟು ದಿನ ನೀನೂ ಅಷ್ಟೇ. ಇಪ್ಪತ್ತೈದು ವರ್ಷ ಒಂದು ತೋಳು ಮಡಚಿಕೊಂಡೇ ಪಾಠ ಹೇಳಿದ್ದೇನೆ. ಕೊನೆಗೂ ನಿನ್ನ ಕಣ್ಣಿಗೆ ಬಿತ್ತು." ಬೀದಿಯ ತಿರುವಿನ ತನಕ ಅವರು ಬಲಗೈ ಬೀಸಿಕೊಂಡು ಹೋದರು.

ಮಧ್ಯಾಹ್ನದ ಊಟವಾಯಿತು. ಕಾಜದವಳು ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ ತಂದಿಟ್ಟಳು. "ಬಲಗೈ ಗಿಡ್ಡ ಅಂತೆ ಕಣೇ! ನನ್ ಹಣೆಬರಹ ನೋಡು," ಎನ್ನುತ್ತ ದರ್ಜಿ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಬಾಯಿಗೆ ತುರುಕಿಕೊಂಡ. ತೊಟ್ಟು ಹಲ್ಲಿಗೆ ಸಿಕ್ಕಿತು. ಅದನ್ನು ಕಿಟಕಿಯಾಚೆ ಉಗಿದು ಮಾತು ಮುಂದುವರಿಸಿದ. ಕಾಜದವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ದಿನಗಳು ಸರಸರ ಕಳೆದವು. ಕುಣಿತದ ಹಿಂದಿನ ದಿನ ಅವನು ಕಡೆಯ ಉಪಾಯವೆಂದು ಜಗಳದಮ್ಮನ ಮನೆಗೇ ಹೋದ. ಊರಿನಲ್ಲಿ ಅವಳಿಗಿರುವಷ್ಟು ಮಾತು ಬಿಟ್ಟವರು ಇನ್ನಾರಿಗೂ ಇಲ್ಲ. ಅವಳ ಮನೆಯ ಹೊಸ್ತಿಲಿಂದ ಮಾಡಿನವರೆಗೆ ತೊಟ್ಟು ಮುರಿಯದ ಎಲೆಗಳ ತೋರಣ. ಯಾವುದಕ್ಕೆ ಹೋಗಲಿ, ಯಾವುದನ್ನು ಒಣಗಿಸಲಿ ಎಂದು ಅವಳಿಗೆ ಪ್ರತಿ ವರ್ಷ ತಲೆನೋವು.

"ಜಗಳದಮ್ಮ, ನನ್ ಜೊತೆ ಒಂದು ಜಗಳ ಆಡಿ, ನಿಮಗೆ ಪುಣ್ಯ ಬರುತ್ತೆ," ಎಂದು ದರ್ಜಿ ಕೈಮುಗಿದ.

"ಹಾಗೆಲ್ಲ ಕೈಮುಗಿದು ಕೇಳಿದ್ರೆ ಹೇಗಪ್ಪ ಆಡೋದು?" ಎಂದಳು ಅವಳು. "ಅದು ಒಳಗಿಂದ ಬರ್ಬೇಕು. ನಿನಗೆ ಯಾರ ಮೇಲಾದ್ರೂ ಸಿಟ್ಟಿದೆಯಾ?"

ದರ್ಜಿ ಯೋಚಿಸಿದ. "ಇಲ್ಲ."

"ಯಾರಿಗಾದ್ರೂ ನಿನ್ನ ಮೇಲೆ ಸಿಟ್ಟಿದೆಯಾ?"

"ನನ್ನ ಮೇಲಾ!" ಎಂದು ದರ್ಜಿ ನಕ್ಕುಬಿಟ್ಟ.

ಜಗಳದಮ್ಮ ನಗಲಿಲ್ಲ. "ದರ್ಜಿಯಪ್ಪ, ಜಗಳಕ್ಕೆ ಇಬ್ಬರು ಬೇಕು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ನನ್ನ ಅನುಭವದಲ್ಲಿ ಒಬ್ಬರಿದ್ದರೂ ನಡೆಯುತ್ತೆ. ಹೋಗು. ನಾಳೆ ಬೆಳಗ್ಗೆ ಬರ್ತೀನಿ, ನನ್ನ ಉಡುಪಿನ ಅಂಚು ಉದ್ದ ಆಗಿದೆ, ಮಡಚಿಕೊಡು."

ಅವತ್ತು ದರ್ಜಿ ಹೆಚ್ಚು ಊಟ ಮಾಡಲಿಲ್ಲ. ತನ್ನ ನಿಲುವಂಗಿಯನ್ನು ಗೋಡೆಯ ಗೂಟಕ್ಕೆ ನೇತುಹಾಕಿ ದೂರದಿಂದ ನೋಡಿದ. ಗಾಳಿಗೆ ಅದು ಒಂದು ಸುತ್ತು ತಿರುಗಿತು. ಇಪ್ಪತ್ತು ವರ್ಷದ ಒಳ್ಳೆಯತನಕ್ಕೆ ಸಿಕ್ಕ ಫಲ ಇದೇನಾ ಎಂದು ಅವನಿಗೆ ಅಳುವೇ ಬಂತು.

ಕುಣಿತದ ದಿನ ಬೆಳಗ್ಗೆ ಜಗಳದಮ್ಮ ಬಂದಳು. ಸ್ಟೂಲಿನ ಮೇಲೆ ಅವಳನ್ನು ನಿಲ್ಲಿಸಿ, ದರ್ಜಿ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು, ನೆಲದ ಮೇಲೆ ಕೂತು ಉಡುಪಿನ ಅಂಚು ಮಡಚತೊಡಗಿದ. ಬಾಯಲ್ಲಿ ಸೂಜಿ ಇದ್ದಾಗ ಮಾತಾಡುವಂತಿಲ್ಲ. ಅಂಗಡಿ ನಿಶ್ಶಬ್ದವಾಯಿತು. ಎಷ್ಟು ನಿಶ್ಶಬ್ದವೆಂದರೆ, ಒಳಜಗುಲಿಯಲ್ಲಿ ಬಟ್ಟೆಯೊಳಗಿಂದ ದಾರ ಎಳೆಯುವ ಸದ್ದು ಅವನಿಗೆ ಕೇಳಿಸಿತು. ಇದೇನು ಸದ್ದು ಎಂದು ಅವನು ತಲೆಯೆತ್ತಿದ. ಅದನ್ನು ಅವನು ಅದುವರೆಗೆ ಕೇಳಿಯೇ ಇರಲಿಲ್ಲ.

ಆಗ ಕಾಜದವಳು ಎದ್ದು ಬಂದು, ಅವನ ಪಕ್ಕದಲ್ಲಿ ಎಲೆಯಡಿಕೆಯ ತಟ್ಟೆ ಇಟ್ಟಳು. ಇಟ್ಟು, ಹೋಗಲಿಲ್ಲ. ನಿಂತಳು.

ದರ್ಜಿ ಕೈಚಾಚಿದ. ಬಾಯಲ್ಲಿ ಸೂಜಿ. ಎಲೆ ಕೈಯಲ್ಲೇ ಉಳಿಯಿತು.

"ಅಯ್ಯೋ ದರ್ಜಿಯಪ್ಪ!" ಎಂದು ಸ್ಟೂಲಿನ ಮೇಲಿಂದ ಜಗಳದಮ್ಮ ಕೂಗಿದಳು. "ತೊಟ್ಟು ನೋಡು, ತೊಟ್ಟು!"

ದರ್ಜಿ ನೋಡಿದ. ಹಸಿರು ಎಲೆ, ಉದ್ದನೆಯ ತೊಟ್ಟು, ಮುರಿದಿಲ್ಲ. ಹೆಂಡತಿಯ ಮುಖ ನೋಡಿದ. ಮತ್ತೆ ಎಲೆ ನೋಡಿದ. ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ನೆಲದ ಮೇಲಿಟ್ಟ. ನಿನ್ನೆಯ ಎಲೆಗೂ ತೊಟ್ಟಿತ್ತು. ಮೊನ್ನೆಯದಕ್ಕೂ. ಹೋದ ವರ್ಷ ಈ ದಿನಗಳಲ್ಲೇ, "ತೊಟ್ಟು ಮುರಿಯೋದೂ ಮರೆತುಹೋಗುತ್ತಲ್ಲೇ ನಿನಗೆ, ವಯಸ್ಸಾಯ್ತು ಕಣೇ," ಎಂದು ತಾನೇ ಅವಳನ್ನು ಹಂಗಿಸಿದ್ದ. ಅದರ ಹಿಂದಿನ ವರ್ಷವೂ. ಕರೆಯನ್ನು ಅವನು ಸುಣ್ಣ ಹಚ್ಚಿ ತಿಂದುಹಾಕಿದ್ದ.

"ಯಾವಾಗಿಂದ?" ಎಂದು ಕೇಳಿದ.

ಕಾಜದವಳು ಉತ್ತರ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಮಾತು ಬಿಟ್ಟಿದ್ದಳಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು, ನವಿಲುಗರಿ ಬಣ್ಣದ ಉಡುಪೊಂದನ್ನು ಅವನ ತೊಡೆಯ ಮೇಲೆ ಹಾಕಿದಳು. ಅವನ ರೇಷ್ಮೆಯ ಉಳಿದರ್ಧ. ಹೊಲಿದು ಮುಗಿದಿತ್ತು.

ದರ್ಜಿಗೆ ಹೊಲಿಗೆ ಓದಲು ಬರುತ್ತದೆ. ಸೊಂಟದ ಒಳಬದಿ ತಿರುಗಿಸಿ ನೋಡಿದ. ಈಗಿನ ಹೊಲಿಗೆ ಒಂದು. ಅದರ ಪಕ್ಕದಲ್ಲಿ ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿತೂತು, ಆರು ಸಾಲು. ವರ್ಷಕ್ಕೊಮ್ಮೆ ತೆಗೆದು, ತನ್ನ ಮೈಗೆ ತಕ್ಕಂತೆ ಒಂದಿಷ್ಟು ಸಡಿಲ ಮಾಡಿ, ಮಡಚಿ ಇಟ್ಟಿದ್ದಳು. ಏಳು ವರ್ಷ. ನಡುವೆ ಒಂದು ಸಾಲು ಮಾತ್ರ ಒಳಗೆ ಹಿಡಿದಿತ್ತು, ಎರಡು ಬೆರಳಿನಷ್ಟು. ಆ ವರ್ಷ ಇವಳು ಅಷ್ಟು ಸೊರಗಿದ್ದಳೇ? ಯಾಕೆ ಸೊರಗಿದ್ದಳು? ಊರಿನವರ ಸೊಂಟವೆಲ್ಲ ಬಾಯಿಪಾಠ ಬರುವ ದರ್ಜಿಗೆ ಅದು ನೆನಪಾಗಲಿಲ್ಲ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಏನೂ ಕೇಳ್ಬೇಡ, ಏನೂ ಹೇಳ್ಬೇಡ," ಎಂದಳು ಜಗಳದಮ್ಮ, ಅಷ್ಟು ಮೆದುವಾಗಿ ಅವಳು ಯಾರಿಗೂ ಹೇಳಿದವಳಲ್ಲ. "ತೊಟ್ಟು ಚಿವುಟು."

ದರ್ಜಿ ತೊಟ್ಟು ಚಿವುಟಿದ. ಎಲೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಹೊರಟರು. ನವಿಲುಗರಿ ಬಣ್ಣದ ನಿಲುವಂಗಿ, ನವಿಲುಗರಿ ಬಣ್ಣದ ಉಡುಪು, ಬಿಳಿ ಕೈಗವಸು. ಬೀದಿ ತುಂಬ ಜೋಡಿಗಳು, ಯಾರೂ ತಮ್ಮ ಜೋಡಿಯ ಮುಖ ನೋಡುತ್ತಿರಲಿಲ್ಲ. ದರ್ಜಿಗೆ ಬಾಯಿ ತುರಿಸುತ್ತಿತ್ತು. ತಾನು ಏನು ತಪ್ಪು ಮಾಡಿದೆ? ಹೊಡೆದವನಲ್ಲ, ಬೈದವನಲ್ಲ, ಹೊಟ್ಟೆಬಟ್ಟೆಗೆ ಕಡಿಮೆ ಮಾಡಿದವನಲ್ಲ.

ಜಿಲೇಬಿಯವನು ಅಂಗಡಿಯಿಂದ ಇಣುಕಿದ. "ಏನಕ್ಕ, ಕುಣಿತಕ್ಕೆ ಹೊರಟ್ರಾ? ರೇಷ್ಮೆ ಚೆನ್ನಾಗೊಪ್ಪಿದೆ ನಿಮಗೆ!"

"ಹ್ಞೂಂ ಕಣಯ್ಯ, ಹೊರಟ್ಲು. ಹಳೇ ರೇಷ್ಮೆ, ಆದ್ರೂ ಬಣ್ಣ ಹೋಗಿಲ್ಲ ನೋಡು," ಎಂದ ದರ್ಜಿ.

ಹೇಳಿ ಮುಗಿಸುವಷ್ಟರಲ್ಲಿ ಪಕ್ಕಕ್ಕೆ ತಿರುಗಿದ. ಹೆಂಡತಿಯ ಬಾಯಿ ಅರ್ಧ ತೆರೆದಿತ್ತು. ಅವನು ನೋಡುತ್ತಿದ್ದಂತೆ ಅದು ಮುಚ್ಚಿಕೊಂಡಿತು. ಕೋಪದಿಂದಲ್ಲ. ದಿನವೂ ಸಂಜೆ ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತಾರಲ್ಲ, ಅಷ್ಟೇ ಸಲೀಸಾಗಿ. ಆ ತೆರೆದು ಮುಚ್ಚುವ ಬಾಯಿಯನ್ನು ದರ್ಜಿ ಮೊದಲ ಸಲ ನೋಡಿದ. ಉಳಿದ ದಾರಿಯುದ್ದಕ್ಕೂ ಅವನು ತನ್ನ ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ನಡೆದ.

ಬಾಗಿಲಜ್ಜಿ ಅವರನ್ನು ನಿಲ್ಲಿಸಿದಳು. "ಇವರು ನಿಮಗೆ ಏನಾಗಬೇಕು?"

"ಹೆಂಡತಿ," ಎಂದುಬಿಟ್ಟ ದರ್ಜಿ, ಅಭ್ಯಾಸಬಲದಿಂದ.

"ಹೆಂಡತಿಯರಿಗೆ ಇಲ್ಲಿ ಪ್ರವೇಶ ಇಲ್ಲ. ಸರಿಯಾಗಿ ಹೇಳು." ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಮೇಷ್ಟ್ರು ಬಲಗೈ ಎತ್ತಿ ಏನೋ ಸನ್ನೆ ಮಾಡಿದರು. "ಇವರು ನಿಮಗೆ ಏನಾಗಬೇಕು?"

ದರ್ಜಿ ಪಕ್ಕಕ್ಕೆ ತಿರುಗಿ ಅವಳನ್ನು ನೋಡಿದ. "ಇವಳು ಮಾತು ಬಿಟ್ಟವಳು," ಎಂದ. ಅಷ್ಟು ಸಾಕಿತ್ತು. ಆದರೆ ಅವನಿಗೆ ಸಾಕೆನಿಸಲಿಲ್ಲ. "ನಾನು, ಮಾತಾಡಲು ಬಿಡದವನು."

ಬಾಗಿಲಜ್ಜಿ ಅಷ್ಟು ವರ್ಷ ಬಾಗಿಲು ಕಾದಿದ್ದರೂ ಆ ನಂಟಿನ ಹೆಸರು ಕೇಳಿರಲಿಲ್ಲ. ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಾಜದವಳ ಮುಖ ನೋಡಿದಳು. ಆಮೇಲೆ, ಸಾಮಾನ್ಯವಾಗಿ ಒಂದೇ ಕದ ತೆರೆಯುವವಳು, ಎರಡೂ ಕದ ತೆರೆದಳು.

ಒಳಗೆ ವಾದ್ಯ ಶುರುವಾಯಿತು. ದರ್ಜಿ ಇಪ್ಪತ್ತು ವರ್ಷ ಕಾದ ನೋಟ ಕೊನೆಗೂ ಅವನ ಕಣ್ಣೆದುರಿಗಿತ್ತು. ಅವನು ಹೊಲಿದ ನೆರಿಗೆಗಳು ನುಣುಪು ನೆಲದ ಮೇಲೆ ಅರಳಿ ಮುದುಡಿ ಅರಳಿದವು. ಅವನು ಕತ್ತರಿಸಿದ ತೋಳುಗಳು ಅವನು ಕತ್ತರಿಸಿದ ಬೆನ್ನುಗಳನ್ನು ಬಳಸಿದವು. ಮುನಿಸಿಕೊಂಡವರು ಮುನಿಸಿಕೊಂಡವರ ಕಾಲು ತುಳಿದು, ಕ್ಷಮೆ ಕೇಳುವಂತಿಲ್ಲದೆ, ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ದರ್ಜಿ ಅದನ್ನೆಲ್ಲ ಒಂದು ಸುತ್ತಿನಷ್ಟು ನೋಡಿದ. ಆಮೇಲೆ ನೋಡಲಿಲ್ಲ. ಕೈಗವಸಿನೊಳಗಿನ ಬೆರಳುಗಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು, ತನ್ನ ಕೈಯಲ್ಲಿ ಇರುವುದನ್ನೇ ಗಮನಿಸುತ್ತ ಕುಣಿದ. ಚೆನ್ನಾಗೇನೂ ಕುಣಿಯಲಿಲ್ಲ ಬಿಡಿ. ಎರಡು ಸಲ ಜಾರಿದ. ಎರಡು ಸಲವೂ ಅವಳೇ ಹಿಡಿದಳು.

ವಾದ್ಯ ನಿಂತಿತು. ಸುತ್ತಲೂ ಬಾಯಿಗಳು ತೆರೆದುಕೊಂಡವು. ಯಾರೋ ಅತ್ತರು, ಯಾರೋ ನಕ್ಕರು, ಯಾರೋ ಬೆನ್ನು ತಿರುಗಿಸಿ ಹೊರಟರು. ದರ್ಜಿ ಮತ್ತು ಕಾಜದವಳು ಮಹಲಿನ ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತರು. ಅವನು ಕಾದ. ಅವನ ಬಾಯಲ್ಲಿ ಹತ್ತು ಮಾತು ನೂಕಿಕೊಂಡು ಬಂದವು, ಹತ್ತನ್ನೂ ನುಂಗಿದ. ಬಿಸಿಲು ಒಂದು ಮೆಟ್ಟಿಲು ಕೆಳಗಿಳಿಯಿತು. ಮಾತಾಡದೆ ಇಷ್ಟು ಹೊತ್ತು ಅವನು ನಿದ್ದೆಯಲ್ಲೂ ಇದ್ದವನಲ್ಲ. ಅವಳು ಬಾಯಿ ತೆರೆಯದೆ ಎದ್ದುಹೋದರೆ? ಮುಂದಿನ ವರ್ಷ ತನಗೆ ಐವತ್ತು ದಾಟಿರುತ್ತದೆ, ಬಾಗಿಲಜ್ಜಿ ಬಿಡುವುದಿಲ್ಲ, ಇನ್ನು ಇವಳು ಬಾಯಿ ತೆರೆಯುವ ಜಾಗವೇ ಇರುವುದಿಲ್ಲ. ಆದರೂ ಬಾಯಿ ಬಿಡಲಿಲ್ಲ.

"ಅವತ್ತು ನಾನೇನೋ ಹೇಳೋಕೆ ಹೊರಟಿದ್ದೆ," ಎಂದಳು ಕಾಜದವಳು.

ದರ್ಜಿ ಉಸಿರೆಳೆದುಕೊಂಡ. ಬಿಡಲಿಲ್ಲ.

"ಅರ್ಧ ಹೇಳಿದ್ದೆ. ಇನ್ನರ್ಧ ನೀವೇ ಹೇಳಿ ಮುಗಿಸಿದ್ರಿ. ನಾನು ಹೇಳ್ಬೇಕಂತಿದ್ದದ್ದು ಅದಲ್ಲ. 'ಏನೋ ಹೇಳ್ತಿದ್ಯಲ್ಲ, ಏನೇ ಅದು?' ಅಂತ ಕೇಳ್ತೀರಿ, ಆಗ ಹೇಳೋಣ ಅಂತ ಸುಮ್ಮನಾದೆ." ಅವಳು ಕೈಗವಸು ಕಳಚಿ ತೊಡೆಯ ಮೇಲಿಟ್ಟುಕೊಂಡಳು. "ಈಗ ನೋಡಿದ್ರೆ, ಅದೇನಂತ ನನಗೇ ಮರೆತುಹೋಗಿದೆ ಕಣ್ರೀ."

ಅವಳು ನಕ್ಕಳು. ದರ್ಜಿಗೆ ನಗು ಬರಲಿಲ್ಲ. ಯಾರ ಬಟ್ಟೆ ಹರಿದರೂ ತೇಪೆ ಹಾಕಬಲ್ಲವನಿಗೆ ಇದೊಂದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನ ಕಣ್ಣು ತುಂಬಿ ಬಂತು.

"ಹೋಗ್ಲಿ ಬಿಡಿ. ಅದೊಂದು ಹೋದ್ರೆ ಏನು, ಏಳು ವರ್ಷದ್ದು ಹಾಗೇ ಇದೆ," ಎಂದು ಅವಳು ಕೈಗವಸಿನಿಂದ ಮುಖದ ಬೆವರು ಒರೆಸಿಕೊಂಡಳು. "ಮೊದಲು ಇದು ಹೇಳಿಬಿಡ್ತೀನಿ. ಮೂರು ವರ್ಷ ಆಯ್ತು, ನನಗೆ ಎಡಗಿವಿ ಕೇಳ್ಸಲ್ಲ. ನೀವು ಯಾವಾಗಲೂ ಎಡಕ್ಕೇ ಕೂತು ಮಾತಾಡ್ತೀರಿ. ಹೇಳಿದ್ದರಲ್ಲಿ ಅರ್ಧಕ್ಕರ್ಧ ನನಗೆ ಕೇಳಿಸೇ ಇಲ್ಲ."

ದರ್ಜಿ ಎದ್ದ. ಅವಳ ಹಿಂದಿನಿಂದ ಸುತ್ತು ಹಾಕಿ ಬಂದು, ನವಿಲುಗರಿ ಬಣ್ಣದ ನೆರಿಗೆಯನ್ನು ತುಳಿಯದಂತೆ ಪಕ್ಕಕ್ಕೆ ಸರಿಸಿ, ಅವಳ ಬಲಗಡೆ ಕೂತ.

"ಹೇಳು," ಎಂದ.